ಪಡಸಾಲೆಯಲ್ಲಿ ಬಚ್ಚಲ ಕಲ್ಲು

ಒಲೆಯ ಬೂದಿ ತೆಗೆದದ್ದು. ನಳದ ನೀರು ನಿಲ್ಲುವ ಮೊದಲು ಹಂಡೆ, ಕೊಡ, ತಪೇಲಿ ಎಲ್ಲ ತುಂಬಿಟ್ಟದ್ದು. ಅಂಗಳ ಗುಡಿಸಿ ಸೆಗಣಿನೀರು ಹೊಡೆದದ್ದು. ಆಯಿಯನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ದು, ಜಳಕ ಮಾಡಿಸಿ, ಮತ್ತೆ ಕೈಹಿಡಿದು ಕರೆತಂದು ಪೂಜೆಗೆ ಕೂರಿಸಿದ್ದು. ಹಿಟ್ಟು ನಾದಿ ರೊಟ್ಟಿ ಬಡಿದದ್ದು. ಬದನೆಕಾಯಿ ಪಲ್ಯ ಮಾಡಿ, ಶೇಂಗಾ ಚಟ್ನಿಯನ್ನು ಡಬ್ಬಿಗೆ ಹಾಕಿದ್ದು. ನನ್ನ ಹೆರಳು ಹಾಕಿದ್ದು. ಅಪ್ಪನ ಅಂಗಿಯ ಉದುರಿದ ಗುಂಡಿ ಹಚ್ಚಿದ್ದು. ಕಡೆಗೆ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಸುತ್ತಿ ಬುತ್ತಿ ಕಟ್ಟಿದ್ದು. ಇಷ್ಟು ಕೆಲಸ ಅವ್ವ ಮುಗಿಸಿದಾಗ ಬಿಸಿಲು ಇನ್ನೂ ಎದುರುಮನೆಯ ಮಾಳಿಗೆಯಿಂದ ಕೆಳಗೆ ಇಳಿದಿರಲಿಲ್ಲ. ಬುತ್ತಿ ಕಟ್ಟಿದ್ದು ಯಾವ ಊರಿಗೂ ಹೋಗಲಿಕ್ಕಲ್ಲ. ಬೈಲಹೊಂಗಲದಲ್ಲೇ, ನಮ್ಮ ಓಣಿಯಿಂದ ಕೂಗಳತೆಯಲ್ಲಿ ಮಾರಾಟಕ್ಕಿದ್ದ ಒಂದು ಹಳೆಯ ಮನೆಯಲ್ಲಿ ಮುಂಜಾನೆಯಿಂದ ಸಂಜೆಯ ತನಕ ಇದ್ದು ನೋಡಲಿಕ್ಕೆ.

ಆಗ ನಾವಿದ್ದದ್ದು ಬಾಡಿಗೆಯ ಮನೆಯಲ್ಲಿ. ಒಂದರ ಹಿಂದೊಂದು ಮೂರು ಖೋಲಿ, ಅದರ ಹಿಂದೆ ಮಾಲಕರೂ ನಾವೂ ಕೂಡಿ ಬಳಸುವ ಅಂಗಳ, ಅಂಗಳದ ಆ ತುದಿಗೆ ಬಚ್ಚಲು. ಅಪ್ಪ, ಅವ್ವ, ನಾನು ಮತ್ತು ಆಯಿ, ನಾಲ್ಕೇ ಜನ. ಆಯಿ ಅಪ್ಪನ ತಾಯಿ. ನನಗೆ ಬುದ್ಧಿ ಬಂದಾಗಿನಿಂದ ಅವಳ ಕಣ್ಣು ಸ್ವಲ್ಪಸ್ವಲ್ಪವಾಗಿ ಹೋಗುತ್ತಲೇ ಇದ್ದವು. ಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಆಮೇಲೆ ಜೋಳದಲ್ಲಿ ಕಲ್ಲು ಆರಿಸಲು ಕರೆದಳು. ಆಮೇಲೆ ಬಾಗಿಲಿಗೆ ಬಂದವರು ಮಾತಾಡಿದ ಮೇಲೆಯೇ ಅವರ ಕಡೆ ಮುಖ ತಿರುಗಿಸತೊಡಗಿದಳು. ಧಾರವಾಡದ ಡಾಕ್ಟರು ಇದು ಪೊರೆಯಲ್ಲ, ತೆಗೆದುಹಾಕಲು ಬರುವಂಥದ್ದಲ್ಲ ಎಂದು ಹೇಳಿ ಕಳಿಸಿದ್ದರು. ಒಳಗಿನ ಖೋಲಿಗಳಲ್ಲಿ ಆಯಿ ಗೋಡೆ ಹಿಡಿದು ಸಲೀಸಾಗಿ ಅಡ್ಡಾಡುತ್ತಿದ್ದಳು. ಕಷ್ಟ ಇದ್ದದ್ದು ಅಂಗಳದ್ದು. ಅಲ್ಲಿ ಮಾಲಕರ ಸೈಕಲ್ಲು, ಕಟ್ಟಿಗೆಯ ಹೊರೆ, ಬಟ್ಟೆ ಒಗೆಯುವ ಬಕೀಟು ದಿನಕ್ಕೊಂದು ಕಡೆ ಇರುತ್ತಿದ್ದವು. ಇವತ್ತು ಕಲಿತ ದಾರಿ ನಾಳೆ ಇರುತ್ತಿರಲಿಲ್ಲ.

ಹಾಗಾಗಿ ಬಚ್ಚಲಿಗೆ ಹೋಗಬೇಕೆಂದರೆ ಅವ್ವನ ಕೈ ಬೇಕು. ಆಯಿಯೋ ಯಾರನ್ನೂ ಕರೆಯುವ ಹೆಂಗಸಲ್ಲ. ಹೊಟ್ಟೆ ಹಿಡಿದುಕೊಂಡು ಬೆಳಗಾಗುವ ತನಕ ಇದ್ದಾಳು, ಆದರೆ ಸೊಸೆಯನ್ನು ಎಬ್ಬಿಸಲಾರಳು. ಇದು ಗೊತ್ತಿದ್ದ ಅವ್ವ ಆಯಿಯ ಹೊರಸಿನ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದಳು. ನುಲಿಯ ಹೊರಸು ಕಿರ್ರೆಂದರೆ ಸಾಕು, ಎದ್ದು ಕೂತಿರುತ್ತಿದ್ದಳು. ನಮ್ಮ ಮನೆಯಲ್ಲಿ ಮಲಗುವುದಕ್ಕೂ ಒಂದು ಕ್ರಮವಿತ್ತು. ಮೊದಲು ಅಪ್ಪ, ಕೈಯಲ್ಲಿ ಪೇಪರು ಇದ್ದ ಹಾಗೆಯೇ. ಆಮೇಲೆ ನಾನು. ಆಮೇಲೆ ಆಯಿ. ಆಯಿಯ ಗೊರಕೆ ಕೇಳಿದ ಮೇಲೆ, ಎಲ್ಲರಿಗಿಂತ ಕೊನೆಗೆ, ಅವ್ವ. ಅವಳು ನಿದ್ದೆಗೆ ಹೋದದ್ದನ್ನು ಚಿಕ್ಕಂದಿನಲ್ಲಿ ನಾನು ನೋಡಿಯೇ ಇರಲಿಲ್ಲ.

ಒಂದು ಮುಂಜಾನೆ ಅವ್ವ ನಳದ ಹತ್ತಿರ ಇದ್ದಾಗ ಆಯಿ ತಾನೇ ಎದ್ದು ಹೋಗಿ, ಸೈಕಲ್ಲಿಗೆ ಎಡವಿ, ಅದನ್ನೂ ಮೈಮೇಲೆ ಕೆಡವಿಕೊಂಡು ಬಿದ್ದಳು. ಮೊಣಕೈ ತರಚಿತ್ತು. ಅವ್ವ ಅರಿಷಿಣ ಹಚ್ಚುತ್ತ ಬೈದಳು.

"ಒಂದ ದನಿ ಕರದಿದ್ರ ನಾ ಬರತಿದ್ದಿಲ್ಲೇನ್ರಿ ಅತ್ತಿ?"

"ಬರತಿದ್ದಿ ಬಿಡು. ಬೀಳೂದಕ್ಕ ನಾ ಅಂಜಂಗಿಲ್ಲ ನೀಲಾ. ಸಣ್ಣ ಕೂಸಿನಂಗ ಕೈ ಹಿಡಿಸ್ಕೊಂಡು ಬಚ್ಚಲಕ್ಕ ಹೋಗಬೇಕಲ್ಲ, ಅದಕ್ಕ ನಾಚಿಕಿ ಬರತೈತಿ."

ಅವ್ವ ಅರಿಷಿಣದ ಬಟ್ಟಲು ಎತ್ತಿಟ್ಟು ಒಳಗೆ ಹೋದಳು. ಅದೇ ವಾರ ಮಾಲಕರು ಬಂದು, ಮಗನ ಲಗ್ನ ಗೊತ್ತಾಗಿದೆ, ಯುಗಾದಿಯೊಳಗೆ ಮನೆ ಬಿಟ್ಟುಕೊಡಿ ಎಂದರು. ಮತ್ತೊಂದು ಬಾಡಿಗೆ ಮನೆ ಹುಡುಕುವುದು ಬೇಡ, ಈ ಸಲ ಸ್ವಂತದ್ದೇ ಆಗಲಿ ಎಂದು ಅಪ್ಪನೂ ಅವ್ವನೂ ಒಂದೇ ಮಾತಿಗೆ ಬಂದರು. ಅವರಿಬ್ಬರೂ ಒಂದೇ ಮಾತಿಗೆ ಬಂದದ್ದು ಅಷ್ಟಕ್ಕೇ.

ಕೊಳ್ಳಲು ಎರಡು ಮನೆಗಳಿದ್ದವು. ಒಂದು ಊರೊಳಗಿನ ಹಳೆಯ ಮನೆ. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಗೋಡೆ ಎಷ್ಟು ದಪ್ಪ ಎಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗಬಹುದಿತ್ತು. ಇನ್ನೊಂದು ಸವದತ್ತಿ ರಸ್ತೆಯ ಕಡೆ, ಮೊನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಎರೆಹೊಲದಲ್ಲಿ, ಯಲ್ಲಪ್ಪ ಗೌಂಡಿ ಮಾರಲೆಂದೇ ಕಟ್ಟಿದ ಸ್ಲ್ಯಾಬಿನ ಮನೆ. ಗೋಡೆ, ಗಿಲಾವು ಎಲ್ಲ ಮುಗಿದಿತ್ತು, ನೆಲಕ್ಕೆ ಪರಸಿ ಕಲ್ಲು ಹಾಸುವ ಕೆಲಸ ನಡೆದಿತ್ತು. ಅಪ್ಪನ ಮನಸ್ಸು ಹಳೆಯದರ ಮೇಲೆ. ಪೇಟೆಯ ಹತ್ತಿರ ಅವನಿಗೆ ಹಗ್ಗ, ಗೋಣಿಚೀಲ, ಎತ್ತಿನ ಸಾಮಾನುಗಳ ಅಂಗಡಿಯಿತ್ತು. ಊಟಕ್ಕೆ ನಡೆದೇ ಬಂದು ಹೋಗಬಹುದು. ಆದರೆ ಹಿಂದಿನ ವರ್ಷವೇ ಮಹಾರಾಷ್ಟ್ರದ ಕಡೆ ಭೂಮಿ ನಡುಗಿ ಕಲ್ಲುಮಣ್ಣಿನ ಮನೆಗಳು ಮಂದಿಯ ಮೇಲೆ ಬಿದ್ದಿದ್ದವು. ಅವತ್ತು ನಸುಕಿನಲ್ಲಿ ನಮ್ಮ ಅಡುಗೆಮನೆಯ ಪಾತ್ರೆಗಳೂ ಗಿಲಗಿಲ ಎಂದಿದ್ದವು. ಅಂಗಡಿಗೆ ಬಂದವರೆಲ್ಲ ಅಪ್ಪನಿಗೆ, ಸ್ಲ್ಯಾಬಿನ ಮನಿ ತಗೋರಿ ಬಸವಣ್ಣೆಪ್ಪಾ, ಎಂದು ಹೇಳಿಹೋಗುತ್ತಿದ್ದರು.

"ಹಳೇ ಮನಿ ಎಷ್ಟ ಮಳಿ ತಿಂದು ನಿಂತೈತಿ ನೋಡು," ಎಂದು ಅಪ್ಪ ಊಟಕ್ಕೆ ಕೂತಾಗ ಶುರುಮಾಡಿದ. "ಎರಿ ಭೂಮಿ ಮ್ಯಾಲ ಕಟ್ಟಿದ ಹೊಸಾ ಗ್ವಾಡಿ ನಾಳೆ ಬಿರಕ ಬಿಟ್ರ ಯಾರನ್ನ ಕೇಳೂದು?"

"ಯಾರನೂ ಕೇಳೂದು ಬ್ಯಾಡ. ಎರಡೂ ಮನ್ಯಾಗ ಒಂದೊಂದ ದಿನಾ ಇದ್ದು ನೋಡತೇನಿ," ಅವ್ವ ರೊಟ್ಟಿ ನೀಡುತ್ತ ಹೇಳಿದಳು. "ಅತ್ತಿನ ಕರಕೊಂಡು."

"ಇದ್ದು ನೋಡೂದಂದ್ರ?"

"ಮುಂಜಾನೆ ಹೋಗೂದು, ಅಲ್ಲೇ ಉಣ್ಣೂದು, ಸಂಜೀಕ ಬರೂದು. ಅತ್ತಿ ಪಡಸಾಲ್ಯಾಗಿಂದ ಬಚ್ಚಲಕ್ಕ, ಬಚ್ಚಲದಿಂದ ದೇವರ ಖೋಲಿಗೆ ಯಾರ ಕೈನೂ ಹಿಡೀದ ತಾವ ಹೋಗಬೇಕು. ಯಾವ ಮನ್ಯಾಗ ಅದು ಆಗತೈತಿ, ಆ ಮನಿ ನಮ್ಮದು."

"ಕನ್ಯಾ ನೋಡಾಕ ಬಂದಾಗ ನಾ ನಿಮ್ಮ ಮನ್ಯಾಗ ಒಂದ ತಾಸೂ ಕುಂತಿದ್ದಿಲ್ಲ."

"ಅದಕ್ಕ ಇವತ್ತಿನ ತನಕ ಗೊಣಗಾಕತ್ತೀರಿ."

ಹೊರಸಿನ ಮೇಲಿಂದ ಆಯಿ ನಕ್ಕಳು. ಅಪ್ಪ ತಟ್ಟೆ ನೋಡಿ ಉಂಡ. ಅವ್ವನ ರೀತಿ ಅವನಿಗೆ ಹೊಸದೇನಲ್ಲ. ಸಂತೆಯಲ್ಲಿ ಒಂದು ಗಡಿಗೆ ಕೊಂಡರೂ ಅವಳು ಕುಂಬಾರರ ಹತ್ತಿರ ನೀರು ಕೇಳಿ ತುಂಬಿಸಿ, ಉಳಿದ ಸಂತೆ ಮುಗಿಸಿ ಬಂದು, ಗಡಿಗೆಯ ತಳ ಮುಟ್ಟಿ ನೋಡಿಯೇ ಎತ್ತಿಕೊಳ್ಳುತ್ತಿದ್ದಳು. ನಾನೂ ಇವತ್ತಿಗೂ ಯಾವುದಕ್ಕೂ ನಿಂತ ಕಾಲಮೇಲೆ ಹೂಂ ಅನ್ನುವವಳಲ್ಲ. ಮನೆಯವರು ಇದನ್ನು ಹಟ ಅನ್ನುತ್ತಾರೆ. ಅನ್ನಲಿ.

ಹಳೆಯ ಮನೆಯ ಮಾಲಕರು ಚನ್ನಪ್ಪ ಕಾಕಾ, ಒಂಟಿ ಜೀವ. ಮನೆ ಮಾರಿ ಮಗಳ ಊರು ರಾಮದುರ್ಗಕ್ಕೆ ಹೋಗುವವರಿದ್ದರು. ಬುತ್ತಿಯ ಗಂಟು ನೋಡಿ ಅವರಿಗೆ ನಗು ಬಂದರೂ, ಕುಂತ್ರಿ ಎಂದು ಚಾಪೆ ಹಾಸಿಕೊಟ್ಟರು. ಆದರೆ ಕೂರುವ ಮೊದಲೇ ಒಂದು ಆಶ್ಚರ್ಯ ನಡೆಯಿತು. ತಲಬಾಗಿಲು ಗಿಡ್ಡ ಇತ್ತು. ಯಾರೂ ಹೇಳುವ ಮೊದಲೇ ಆಯಿ ಸರಿಯಾದ ಜಾಗದಲ್ಲಿ ತಲೆ ಬಗ್ಗಿಸಿ ಒಳಗೆ ಬಂದಳು. ಬಂದವಳು ನಿಂತು, ಮೂಗೆತ್ತಿ ಗಾಳಿ ಎಳೆದುಕೊಂಡಳು.

"ಎಡಕ್ಕ ದನಾ ಕಟ್ಟೂ ಜಾಗಾ ಐತೇನ್ರಿ?"

"ಐತ್ರಿ ಅಮ್ಮಾ. ಈಗ ದನಾ ಇಲ್ಲ," ಅಂದರು ಚನ್ನಪ್ಪ ಕಾಕಾ.

"ಹಂಗಾರ ಬಲಕ್ಕ ಕಟ್ಟಿ. ಏರಬೇಕು."

ಏರಿದಳು. ಕೈ ಚಾಚಿ ಕಂಬ ಹಿಡಿದಳು. ಕಂಬದ ಹಿಂದಿನ ಗೋಡೆಯಲ್ಲಿ ದೀಪ ಇಡುವ ಗೂಡು ಇತ್ತು. ಅವಳ ಬೆರಳುಗಳು ಹುಡುಕದೆ ನೇರವಾಗಿ ಅದರೊಳಗೆ ಹೋಗಿ, ಕಾಡಿಗೆ ಹಚ್ಚಿಕೊಂಡು ಹೊರಬಂದವು. ಮನೋಳಿಯಲ್ಲಿ ಆಯಿ ಸಂಸಾರ ಮಾಡಿದ ಮನೆ ನಾನು ಹುಟ್ಟುವ ಮೊದಲೇ ಮಾರಾಟವಾಗಿತ್ತು. ಆ ಮನೆಗೂ ಈ ಮನೆಗೂ ಸಂಬಂಧವಿಲ್ಲ. ಆದರೆ ನಮ್ಮ ಸೀಮೆಯ ಹಳೆಯ ಮನೆಗಳೆಲ್ಲ ಒಂದೇ ಕಟ್ಟಿನವು. ದನಕ್ಕೆ ತಗ್ಗು, ಮನುಷ್ಯರಿಗೆ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ನೆಲದೊಳಗೆ ಕಾಳು ತುಂಬುವ ಹಗೇವು, ಅದನ್ನು ದಾಟಿದರೆ ಬಲಕ್ಕೆ ಬಚ್ಚಲು. ಆಯಿಗೆ ಕಣ್ಣು ಬೇಕಾಗಿರಲಿಲ್ಲ, ಅವಳ ಕಾಲಿಗೆ ಎಲ್ಲ ಗೊತ್ತಿತ್ತು. ನನ್ನ ಕೈಯೊಳಗಿದ್ದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವ್ವ ಸೆರಗಿನ ಚುಂಗು ಹಲ್ಲಿನಲ್ಲಿ ಹಿಡಿದು ನೋಡುತ್ತಿದ್ದಳು. ಅಂಗಡಿ ಬಿಟ್ಟು ಜೊತೆಗೆ ಬಂದಿದ್ದ ಅಪ್ಪ ಆಗಲೇ ಗೆದ್ದವನ ಹಾಗೆ ಚನ್ನಪ್ಪ ಕಾಕಾನ ಕಡೆ ತಿರುಗಿದ್ದ.

"ಇಲ್ಲಿ ಹಗೇದ ಬಾಯಿ. ಬಳಸಿ ಹೋಗಬೇಕು," ಎನ್ನುತ್ತ ಆಯಿ ಬಲಕ್ಕೆ ಹೊರಳಿದಳು. ವರ್ಷಗಳ ಮೇಲೆ ಯಾರ ಹಂಗೂ ಇಲ್ಲದೆ ನಡೆಯುವ ಖುಷಿಯಲ್ಲಿ ಹೆಜ್ಜೆ ಜೋರಾದವು. ಕೈ ಮುಂದೆ ಚಾಚುವುದನ್ನೂ ಮರೆತಳು. ಹೋಗಿ ಹಣೆಯಿಂದಲೇ ಗೋಡೆಗೆ ಬಡಿದಳು.

ಅಲ್ಲಿ ಬಾಗಿಲು ಇರಬೇಕಿತ್ತು. ಆಯಿ ಹಣೆ ಮುಟ್ಟಿಕೊಳ್ಳಲಿಲ್ಲ. ಎರಡೂ ಅಂಗೈಯಿಂದ ಗೋಡೆಯನ್ನು ಮೇಲೆ ಕೆಳಗೆ, ಆ ಕಡೆ ಈ ಕಡೆ ಸವರುತ್ತ ನಿಂತಳು.

"ಬಾಗಲಾ ಎಲ್ಲಿ ಹೋತು?"

"ಅದು ವಾಟ್ನಿ ಗ್ವಾಡಿರಿ," ಎಂದು ಚನ್ನಪ್ಪ ಕಾಕಾ ತಪ್ಪು ತಮ್ಮದೇ ಎಂಬ ಹಾಗೆ ಹೇಳಿದರು. "ನಾವ ಅಣ್ಣತಮ್ಮರು ಬ್ಯಾರೆ ಆದಾಗ ನಡುವ ಹಾಕಿದ್ದು. ಬಚ್ಚಲಾ ಅಣ್ಣನ ಕಡೆ ಹೋತು. ನಮ್ಮದು ಹಿತ್ತಲದಾಗ ಬ್ಯಾರೆ ಕಟ್ಟಿಸೇನಿ. ಅಡಗಿ ಮನ್ಯಾಗಿಂದ ಹಾದು, ಪಾವಟಿಗಿ ಇಳದು, ಹೊರಳಿ ಹೋಗಬೇಕು."

ಅದೇ ಹೊತ್ತಿಗೆ ಗೋಡೆಯ ಆ ಕಡೆ ಯಾರೋ ತಂಬಿಗೆಯಿಂದ ಮೈಮೇಲೆ ನೀರು ಸುರಿದುಕೊಂಡ ಸಪ್ಪಳ ಬಂತು. ಆಯಿ ಹೇಳಿದ ಜಾಗದಲ್ಲೇ ಬಚ್ಚಲಿತ್ತು.

"ಈ ಗ್ವಾಡ್ಯಾಗ ಒಂದ ಬಾಗಲಾ ತಗಸಾಕ ಬರಂಗಿಲ್ಲೇನ್ರಿ ಕಾಕಾ?" ಅವ್ವ ಕೇಳಿದಳು.

"ಬಾಗಲಾ ತಗಸಬೇಕಂದ್ರ ಮೊದಲ ನಮ್ಮ ಅಣ್ಣನ ಮಾರಿ ನೋಡಬೇಕು ತಂಗಿ. ಅದನ್ನ ನೋಡಬಾರದಂತನ ಈ ಗ್ವಾಡಿ ಕಟ್ಟಿದ್ದು."

ಬುತ್ತಿ ಬಿಚ್ಚಿದೆವು. ಆಯಿ ಅರ್ಧ ರೊಟ್ಟಿ ತಿಂದು ಸಾಕು ಎಂದಳು. ಮಧ್ಯಾಹ್ನ ಅವ್ವ ಅವಳನ್ನು ಹಿತ್ತಲಿನ ದಾರಿಯಲ್ಲಿ ಮತ್ತೆ ಮತ್ತೆ ನಡೆಸಿ ನೋಡಿದಳು. ಪ್ರತಿ ಸಲವೂ ಪಡಸಾಲೆ ಬಂದ ಕೂಡಲೇ ಆಯಿಯ ಕಾಲು ಬಲಕ್ಕೇ ಎಳೆಯುತ್ತಿದ್ದವು. ಗೊತ್ತಿಲ್ಲದ ಮನೆಗಿಂತ ಅರ್ಧ ಗೊತ್ತಿದ್ದ ಈ ಮನೆಯೇ ಅವಳಿಗೆ ಕಠಿಣವಾಗಿತ್ತು. ಸಂಜೆ ವಾಪಸು ಹೊರಟಾಗ ಕೇಳದೆಯೇ ತನ್ನ ಕೈಯನ್ನು ಅವ್ವನ ಕೈಗೆ ಕೊಟ್ಟಳು. ಯಾವತ್ತೂ ಹಾಗೆ ಕೊಟ್ಟವಳಲ್ಲ.

ಅಪ್ಪ ಮಾತ್ರ ಆ ಮನೆಯನ್ನು ಬಿಡಲು ತಯಾರಿರಲಿಲ್ಲ. ಮರುದಿನ ಅಂಗಡಿಯಿಂದ ಬರುವಾಗ ನುಣುಪಾದ ಹತ್ತಿಯ ಹಗ್ಗದ ಒಂದು ಸುತ್ತು ತಂದು ಆಯಿಯ ಮಡಿಲಲ್ಲಿ ಇಟ್ಟ.

"ಅವ್ವಾ, ಇದನ್ನ ಹೊರಸಿನಿಂದ ಹಿತ್ತಲ ಬಚ್ಚಲದ ತನಕ ಕಟ್ಟತೇನಿ. ಹಿಡಕೊಂಡ ಹೋದ್ರ ಆತು. ಕೈಗೆ ಚುಚ್ಚಂಗಿಲ್ಲ ನೋಡು, ಛಲೋ ಮಾಲು."

ಆಯಿ ಹಗ್ಗದ ಹುರಿಯನ್ನು ಬೆರಳಲ್ಲಿ ತಿರುವಿ ನೋಡಿದಳು. ಅವಳು ಹಗ್ಗದ ಅಂಗಡಿಯವನ ತಾಯಿ.

"ಇದು ಎತ್ತಿನ ಹಗ್ಗ ಅಲ್ಲೇನೋ ಬಸೂ? ನನ್ನ ದಾವಣಿಗೆ ಕಟ್ಟತಿ? ಹಂಗಾರ ಮೇವೂ ಅಲ್ಲೇ ಹಾಕ್ರಿ. ಉಣ್ಣಾಕ ಏಳೂ ತ್ರಾಸೂ ಇರಂಗಿಲ್ಲ."

ಅಪ್ಪ ಹಗ್ಗವನ್ನು ಅಂಗಡಿಗೆ ವಾಪಸು ಒಯ್ದ. ಹಳೆಯ ಮನೆಯ ಮಾತು ಅಲ್ಲಿಗೆ ನಿಂತಿತು. ಅವ್ವ ಎರಡನೆಯ ಬುತ್ತಿ ಕಟ್ಟಿದಳು.

ಹೊಸ ಮನೆಯಲ್ಲಿ ಬಚ್ಚಲು ಒಳಗೇ ಇತ್ತು. ಹೊಸ್ತಿಲು ತಲಬಾಗಿಲಿಗೊಂದೇ. ಕಟ್ಟೆಯಿಲ್ಲ, ತಗ್ಗಿಲ್ಲ, ಮೆಟ್ಟಿಲಿಲ್ಲ. ನೋಡಿದ ಕೂಡಲೇ ಅವ್ವನ ಮುಖ ಅರಳಿತು. ಆಯಿಯದು ಮುದುಡಿತು. ಅವಳಿಗೆ ಹಿಡಿಯಲು ಕಂಬವಿಲ್ಲ, ಬೆರಳಿಡಲು ಗೂಡಿಲ್ಲ. ಗೋಡೆಗಳು ತಟ್ಟೆಯ ಹಾಗೆ ನುಣ್ಣಗೆ, ಎಲ್ಲವೂ ಒಂದೇ. ಸಿಮೆಂಟಿನ ವಾಸನೆಗೆ ಕೆಮ್ಮು ಬಂದು ಕೆಮ್ಮಿದರೆ ಕೆಮ್ಮು ತಿರುಗಿ ಬಂತು.

"ಒಳಗ ಇನ್ನ್ಯಾರ ಅದಾರ?"

"ಯಾರೂ ಇಲ್ಲ ಆಯಿ. ನಿನ್ನ ದನಿನ," ಅಂದೆ ನಾನು.

ಪಡಸಾಲೆಯಲ್ಲಿ ಅರ್ಧಕ್ಕೆ ಪಾಲಿಶ್ ಪರಸಿ ಹಾಸಿಯಾಗಿತ್ತು. ಯಲ್ಲಪ್ಪ ಗೌಂಡಿ ಅದರ ಮೇಲೆ ನೀರು ಚಿಮುಕಿಸಿ ಬಟ್ಟೆಯಿಂದ ಒರೆಸಿ, ಮುಖ ನೋಡಿಕೊಳ್ಳಬಹುದು ಎಂದು ತೋರಿಸಿದ. ಆಯಿ ಆ ನುಣುಪಿನ ಮೇಲೆ ಅಡಿಯಿಡುತ್ತ ನಡುಮಧ್ಯದ ತನಕ ಬಂದು ನಿಂತುಬಿಟ್ಟಳು.

"ನೀಲಾ, ನಾ ಎಲ್ಲಿ ಅದೇನಿ?"

"ಪಡಸಾಲ್ಯಾಗ ಅತ್ತಿ."

"ಪಡಸಾಲ್ಯಾಗ ಎಲ್ಲಿ? ಹೊಲದಾಗ ನಿಂತಂಗ ಆಗೇತಿ ನನಗ." ನಿಂತಲ್ಲೇ ಕೂತಳು. "ಇದು ಬ್ಯಾಡ. ಇನ್ನೊಂದ ಬಾಡಗಿ ಮನೀನ ನೋಡ್ರಿ. ನನ್ನ ಕೈ ಹಿಡಿಯೂ ಕೆಲಸ ನಿನಗ ಇನ್ನೆಷ್ಟ ದಿನಾ ಇರತೈತಿ?"

"ಅಂಥಾ ಮಾತ ಆಡಬ್ಯಾಡ್ರಿ. ಇನ್ನೂ ಮಧ್ಯಾಹ್ನ ಸೈತ ಆಗಿಲ್ಲ. ಸಂಜೀತನಕ ಇರತೇನಿ ಅಂದೇನಿ, ಇರತೇನಿ," ಎಂದು ಅವ್ವ ಗಟ್ಟಿಯಾಗಿ ಹೇಳಿದಳು. ಮನೆ ಅದನ್ನೂ ಒಮ್ಮೆ ತಿರುಗಿ ಹೇಳಿತು.

ಊಟಕ್ಕೆ ಮೊದಲು ಕೈ ತೊಳೆಯಲು ಆಯಿಯನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಇದ್ದೆ. ಬಚ್ಚಲಿಗೆ ಕಾಲಿಟ್ಟವಳೇ ಆಯಿ ನಿಂತಳು. ಒಂದು ಹೆಜ್ಜೆ ಹಿಂದೆ ಬಂದಳು. ಮತ್ತೆ ಮುಂದಿಟ್ಟಳು. ಮತ್ತೆ ಹಿಂದೆ.

"ಇದೇನು, ಕಾಲ ಹಿಡದಂಗ ಆಗತೈತಿ?"

"ಟಾಕಿ ಹೊಡದ ಕಲ್ಲರಿ ಅಮ್ಮಾ," ಗೌಂಡಿ ಹೊರಗಿನಿಂದ ಹೇಳಿದ. "ಬಚ್ಚಲಾಗ ಕಾಲ ಜಾರಬಾರದಂತ ಚಾಣದಿಂದ ಗೀರಿ ಹಾಸತೇವಿ."

"ಬಚ್ಚಲಾ ಬಂತು ಅಂತ ಕಲ್ಲ ಹೇಳತೈತಿ ನೋಡು," ಅಂದಳು ಆಯಿ, ಸುಮ್ಮನೆ, ಕೈ ತೊಳೆಯುತ್ತ.

ಅಪ್ಪನೂ ಸೇರಿ ಊಟಕ್ಕೆ ಕೂತೆವು. ಅವ್ವ ಮುರಿದ ತುತ್ತನ್ನು ಬಾಯಿಗೆ ಒಯ್ಯದೆ ಬಚ್ಚಲ ಕಡೆಗೇ ನೋಡುತ್ತಿದ್ದಳು. ಅನಂತರ ತುತ್ತನ್ನು ತಟ್ಟೆಯಲ್ಲಿಟ್ಟು, ಪಲ್ಯದ ಕೈಯಲ್ಲೇ ಎದ್ದಳು.

"ಗೌಂಡ್ಯಾರ, ಆ ಟಾಕಿ ಕಲ್ಲ ಇನ್ನೂ ಅದಾವೇನ್ರಿ?"

"ಹಿಂದ ಬಿದ್ದಾವ್ರಿ ಅಕ್ಕಾರ. ಯಾಕ್ರಿ?"

"ಈ ಮೂಲ್ಯಾಗ ಅತ್ತಿ ಹೊರಸು ಬರತೈತಿ. ಇಲ್ಲಿಂದ ಬಚ್ಚಲದ ತನಕ ಅವನ್ನ ಹಾಸ್ರಿ. ಬಚ್ಚಲದಿಂದ ದೇವರ ಖೋಲಿ ತನಕ, ಅಲ್ಲಿಂದ ತಲಬಾಗಲ ತನಕ. ಒಂದ ಹೆಜ್ಜಿ ಅಗಲ ಇದ್ರ ಸಾಕು."

"ಪಡಸಾಲ್ಯಾಗ?"

"ಪಡಸಾಲ್ಯಾಗ."

ಯಲ್ಲಪ್ಪ ತಲೆಗೆ ಸುತ್ತಿದ ಟವಲು ಬಿಚ್ಚಿ ಮುಖ ಒರೆಸಿಕೊಂಡ. "ಅಕ್ಕಾರ, ಹೊಸಾ ಧೋತರಕ್ಕ ಗೋಣಿಚೀಲದ ತ್ಯಾಪಿ ಹಚ್ಚಿದಂಗ ಕಾಣತೈತ್ರಿ ಅದು. ನೋಡಿದವರು ಯಲ್ಲಪ್ಪಗ ಪಾಲಿಶ್ ಕಲ್ಲ ಸಾಲಲಿಲ್ಲ ಅಂತಾರ. ನನ್ನ ಹೆಸರ ಕೆಡತೈತಿ."

"ನನ್ನ ಹೆಸರ ಹೇಳ್ರಿ."

"ಮಂದಿ ನಗತಾರ," ಅಪ್ಪ ಮೆಲ್ಲಗೆ ಅಂದ.

"ನಗೂ ಮಂದಿ ಚಾ ಕುಡದ ಹೋಗತಾರ. ಅತ್ತಿ ಇಲ್ಲೇ ಇರತಾರ."

ಈಗ ಮಾತಾಡಿದ್ದು ಆಯಿ. "ನನ್ನ ಸಲುವಾಗಿ ಹೊಸಾ ಮನಿ ಅಂದ ಕೆಡಸಬ್ಯಾಡ ನೀಲಾ. ಈ ವಯಸ್ಸಿನ್ಯಾಗ ಹೊಸಾ ಮನಿ ಕಲಿಯೂದು ನನ್ನ ಕಡಿಂದ ಆಗಂಗಿಲ್ಲ."

ಅವ್ವ ಅವಳ ಎದುರಿಗೆ ಬಂದು ಕೂತಳು. ಅವ್ವ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಆವತ್ತೇ ಕೇಳಿದ್ದು.

"ತವರು ಸಾಲಹಳ್ಳಿಯಿಂದ ನಿಮ್ಮ ಮನೋಳಿ ಮನಿಗೆ ನಾ ಬಂದಾಗ ನಡುವಿನ ಖೋಲಿ ಹಗಲಿನ್ಯಾಗೂ ಕತ್ತಲ ಇರತಿತ್ತು. ಬಂದ ದಿನಾನ ಹಾಲಿನ ಗಡಿಗಿ ಒದ್ದು ಚೆಲ್ಲಿದೆ. ನೀವು ಬೈಲಿಲ್ಲ. ಕೈ ಹಿಡದು ಕತ್ತಲದಾಗ ಅಡ್ಡಾಡಿಸಿದ್ರಿ. ಇದು ಬೀಸೂ ಕಲ್ಲು, ಇದು ಮಜ್ಜಗಿ ಕಂಬ, ಇಲ್ಲಿ ತಲಿ ಬಗ್ಗಸು, ಇಲ್ಲಿ ಕಾಲ ಎತ್ತಿಡು ಅಂತ. ನಾ ಕಲೀಲಿಲ್ಲೇನ್ರಿ?"

"ನೀ ಆವಾಗ ಸಣ್ಣಾಕಿ."

"ಆವಾಗ ನೀವು ಕಲಿಸಿದ್ರಿ. ಈಗ ನಾ ಕಲಸತೇನಿ."

ಆಯಿ ತಟ್ಟೆ ತಡವಿ ಎಳೆದುಕೊಂಡು ರೊಟ್ಟಿ ಮುರಿದಳು.

"ಬರೇ ಹಾಲ ಅಲ್ಲ. ಮರುದಿನ ಎಣ್ಣೀನೂ ಚೆಲ್ಲಿದ್ದಿ."

"ಅದನ್ನ ಗೌಂಡ್ಯಾರ ಮುಂದ ಹೇಳಬೇಕಂತೇನಿಲ್ಲ," ಅಂದಳು ಅವ್ವ. ಮನೆ ಯಾವುದು ಎಂಬುದು ಅಲ್ಲಿ, ಆ ಊಟದ ಮೇಲೆ ತೀರ್ಮಾನವಾಯಿತು.

ಮುಂದಿನ ವಾರವೆಲ್ಲ ಅವ್ವ ಮನೆಗೆಲಸ ಮುಗಿಸಿ ಆಯಿಯನ್ನೂ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಕಲ್ಲು ಹಾಸುವ ಮೊದಲು ತಾನು ಕಣ್ಣು ಮುಚ್ಚಿಕೊಂಡು ಮೂಲೆಯಿಂದ ಬಚ್ಚಲಿಗೆ ನಡೆಯುವುದು, ಅವಳ ಕಾಲು ಹೋದಲ್ಲಿ ಯಲ್ಲಪ್ಪ ಇದ್ದಿಲಿನಿಂದ ಗೀರು ಎಳೆಯುವುದು. ಆ ಗೀರು ಒಮ್ಮೆಯೂ ನೇರ ಬರಲಿಲ್ಲ. ಸೂತ್ರದ ದಾರ ಹಿಡಿದು ನೇರ ಹಾಸುತ್ತೇನೆ ಎಂದು ಅವನು, ಕಣ್ಣಿಲ್ಲದ ಕಾಲು ಸೂತ್ರ ಹಿಡಿದು ನಡೆಯುವುದಿಲ್ಲ ಎಂದು ಇವಳು. ಕಡೆಗೆ ದಾರಿ ಕವಲೊಡೆಯುವ ಜಾಗದಲ್ಲಿ ಇಬ್ಬರಿಗೂ ತಿಳಿಯದ ಒಂದು ತೊಡಕು ಬಂತು. ಯಾವುದು ಬಚ್ಚಲಿನದು, ಯಾವುದು ದೇವರ ಖೋಲಿಯದು ಎಂದು ಕಾಲಿಗೆ ತಿಳಿಯಬೇಕಲ್ಲ. ಅದನ್ನು ಬಗೆಹರಿಸಿದವಳು ಆಯಿ. ಬಚ್ಚಲಿಗೆ ಹೋಗುವ ಕಲ್ಲಿನ ಗೀರು ಉದ್ದಕ್ಕೆ ಇರಲಿ, ದೇವರ ಕಡೆಯದು ಅಡ್ಡ ಇರಲಿ ಎಂದಳು. ಅಷ್ಟು ಹೊತ್ತಿಗೆ ಅವಳೂ ಕೆಲಸಕ್ಕೆ ಇಳಿದಿದ್ದಳು. ಕಲ್ಲು ಕೂರಿಸಿದ ಹಾಗೆಲ್ಲ ಬೆರಳಿನಿಂದ ಮುಟ್ಟಿ, ಇದರ ಟಾಕಿ ಸಣ್ಣ ಆಗೇತಿ, ಇನ್ನೊಂದಿಷ್ಟ ಹೊಡೀರಿ ಎಂದು ಗೌಂಡಿಯ ತಲೆ ತಿನ್ನುತ್ತಿದ್ದಳು.

ಆ ಮನೆಯ ವಿಷಯದಲ್ಲಿ ಅಪ್ಪನ ಮಾತು ಸುಳ್ಳಾಗಲಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಹಿಂದಿನ ಗೋಡೆಗೆ ಬಿರುಕು ಬಂತು. ಸ್ಲ್ಯಾಬು ಕಾದು ಮಧ್ಯಾಹ್ನ ಕೂರಲು ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿದ ಕಪ್ಪು ಮಣ್ಣು ಚಪ್ಪಲಿಗಿಂತ ಭಾರವಾಗಿರುತ್ತಿತ್ತು. ಅಪ್ಪ ಪ್ರತಿ ಚೈತ್ರದಲ್ಲಿ ಚನ್ನಪ್ಪ ಕಾಕಾನ ಮನೆಯ ತಂಪು ನೆನೆಸುತ್ತಿದ್ದ. ಅವ್ವ ಮಾಳಿಗೆಗೆ ನೀರು ಹೊಡೆದು ಬಂದು, ಹೌದು, ಅದು ತಂಪಿತ್ತು, ಎಂದು ಒಪ್ಪಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಒಕ್ಕಲು ಹೋದ ದಿನ ಸವದತ್ತಿಯಿಂದ ಅಪ್ಪನ ತಂಗಿ ಬಂದಿದ್ದಳು. ಬಾಯಿ ಜೋರಿನ ಹೆಂಗಸು. ಹಾಲು ಉಕ್ಕಿಸಿ, ಸ್ವಾಮಿಗಳ ಪಾದಪೂಜೆ ಮುಗಿದು, ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಾಗ ಅವಳ ಕಣ್ಣು ನೆಲದ ಮೇಲೆ ಬಿತ್ತು.

"ವೈನಿ, ಪಡಸಾಲ್ಯಾಗ ಬಚ್ಚಲ ಕಲ್ಲ ಹಾಸೀರಲ್ಲ, ಬಚ್ಚಲಾಗೇನ ಜಮಖಾನಿ ಹಾಸೀರೇನ?"

ಕೂತವರೆಲ್ಲ ನಕ್ಕರು. ಅವ್ವ ಹೋಳಿಗೆ ಬೇಯಿಸುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ಆಯಿ ಹೊರಸಿನಿಂದ ಎದ್ದಳು. ಬರಿಗಾಲು ಕಲ್ಲಿನ ಮೇಲಿಟ್ಟು, ಸೀರೆಯ ನಿರಿಗೆ ಎಡಗೈಯಲ್ಲಿ ಹಿಡಿದು ನಡೆದಳು. ಕವಲಿನಲ್ಲಿ ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ, ಅಡ್ಡ ಗೀರಿನ ಕಡೆಗೆ ಹೊರಳಿ, ದೇವರ ಖೋಲಿಗೆ ಹೋದಳು. ಎಲೆ ಅಡಿಕೆಯ ತಾಟು ಹಿಡಿದು ಅದೇ ದಾರಿಯಲ್ಲಿ ಬಂದು ಮಗಳ ದನಿ ಬಂದಲ್ಲಿ ನಿಂತಳು.

"ತಗೋ. ಎಲಿ ಹಾಕ್ಕೊಂಡು ನಗು. ಬಾಯಿ ಕೆಂಪ ಆಗತೈತಿ."

ಸೋದರತ್ತೆ ತಾಟು ತೆಗೆದುಕೊಂಡು ತಾಯಿಯ ಕಾಲನ್ನೇ ನೋಡುತ್ತ ಕೂತಳು. ಕಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಹೋಗುವಾಗ ಬಸ್‌ಸ್ಟ್ಯಾಂಡಿನ ತನಕ ಬಂದ ಅಪ್ಪನಿಗೆ, ಆ ಗೌಂಡಿ ಸವದತ್ತಿಗೂ ಬರತಾನೇನು ಎಂದು ಕೇಳಿದಳಂತೆ.

ಬಂದವರೆಲ್ಲ ಹೋಗಿ, ಪಾತ್ರೆಗಳು ಬಚ್ಚಲಲ್ಲಿ ಗುಡ್ಡೆಯಾಗಿದ್ದವು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಕಂದೀಲು ಯಾವ ಗಂಟಿನಲ್ಲಿದೆಯೋ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಿಂದ ಆಗಷ್ಟೇ ಬಂದ ಅಪ್ಪ ಚಪ್ಪಲಿಯಲ್ಲೇ ಕಡ್ಡಿಪೆಟ್ಟಿಗೆ ಹುಡುಕುತ್ತ ಟ್ರಂಕಿಗೆ ಬಡಿದುಕೊಂಡು ನಿಂತ.

"ದೇವರ ಖೋಲ್ಯಾಗ ಐತಿ ಬಸೂ. ಅಡ್ಡ ಗೀರ ಹಿಡದು ಹೋಗು," ಕತ್ತಲಲ್ಲಿ ಆಯಿಯ ದನಿ ಬಂತು.

ಅಪ್ಪ ಚಪ್ಪಲಿ ಕಳಚಿದ ಸಪ್ಪಳ ಕೇಳಿತು. ಆಮೇಲೆ ಕಲ್ಲಿನ ಮೇಲೆ ಅವನ ಪಾದ ಉಜ್ಜುವ ಸಪ್ಪಳ. ಸ್ವಲ್ಪ ಹೊತ್ತಿಗೆ ದೇವರ ಖೋಲಿಯಲ್ಲಿ ಕಡ್ಡಿ ಹೊತ್ತಿತು.

ಕಂದೀಲಿನ ಬೆಳಕಿನಲ್ಲಿ ಉಂಡೆವು. ಮಧ್ಯಾಹ್ನದ ಹೋಳಿಗೆ ಹಾಲಿನಲ್ಲಿ ನೆನೆಸಿದ್ದು, ಅನ್ನ, ಕಟ್ಟಿನ ಸಾರು, ಒಂದೊಂದು ಹಪ್ಪಳ. ಆಯಿ ಎರಡು ಹೋಳಿಗೆ ತಿಂದು, ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಅವ್ವ ಪಾತ್ರೆಗಳನ್ನು ನೀರಲ್ಲಿ ನೆನೆಹಾಕಿ ಬಿಟ್ಟಳು. ಹಾಗೆ ಬಿಟ್ಟದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಚಾಪೆಯನ್ನು ಹೊರಸಿನ ಪಕ್ಕ ಹಾಸದೆ, ಗಾಳಿ ಬರುವ ಕಿಟಕಿಯ ಕೆಳಗೆ ನನ್ನ ಹತ್ತಿರ ಹಾಸಿ, ಸೆರಗು ಹೊದ್ದು ಮಗ್ಗುಲಾದಳು. ಅಪ್ಪ ಕಂದೀಲಿನ ಹತ್ತಿರ ಪೇಪರು ಓದುತ್ತಿದ್ದ. ಹೊರಸು ಕಿರ್ರೆಂದಿತು. ಆಯಿಯ ಪಾದ ಕಲ್ಲಿನ ಮೇಲೆ ಸರಸರ ಎನ್ನುತ್ತ ಬಚ್ಚಲ ಕಡೆ ಹೋಯಿತು, ಸ್ವಲ್ಪ ಹೊತ್ತಿಗೆ ಸರಸರ ಎನ್ನುತ್ತ ವಾಪಸು ಬಂತು. ನಾನು ಅವ್ವನ ಕಡೆ ಹೊರಳಿ ನೋಡಿದೆ. ಅವಳ ಬಾಯಿ ತುಸು ತೆರೆದಿತ್ತು. ಆವತ್ತು ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವ್ವ.